ಕಿಡಿ ಹಾರಿಸಿದ ವ್ಯಾಕ್ಯೂಮ್ ಕ್ಲೀನರ್ ಮತ್ತು ಮಿಕ್ಸಿ ರಿಪೇರಿ ಅಂಗಡಿ

ಹಬ್ಬಕ್ಕೆ ಮುಂಚೆ ಹಾಸಿಗೆ ಧೂಳು ತೆಗೆಯೋಣ ಅಂತ ಅಟ್ಟದಿಂದ ಹಳೇ ವ್ಯಾಕ್ಯೂಮ್ ಕ್ಲೀನರ್ ಇಳಿಸಿದೆ. ಸ್ವಿಚ್ ಹಾಕಿದ್ದೇ ತಡ, ಹಿಂದಿನ ಕಿಂಡಿಯೊಳಗೆ ನೀಲಿ ಕಿಡಿ, ಸುಟ್ಟ ವಾಸನೆ. ನಮ್ಮ ಯಜಮಾನರು ಸೋಫಾದಿಂದಲೇ ತೀರ್ಪು ಕೊಟ್ಟರು: "ಬಿಡು ಮಾರಾಯ್ತಿ, ಅದರ ಆಯಸ್ಸು ಮುಗೀತು. ಎಕ್ಸ್‌ಚೇಂಜ್ ಆಫರ್ ಇದೆ."

ಅದು 1991ರಲ್ಲಿ ಶಿವಮೊಗ್ಗದ ನಮ್ಮ ತವರುಮನೆಗೆ ಬಂದ ಮಷಿನ್. 1982ರಲ್ಲಿ ಯುರೇಕಾ ಫೋರ್ಬ್ಸ್ ಶುರುವಾದ ಮೇಲೆ ಟೈ ಕಟ್ಟಿಕೊಂಡು ಮನೆಬಾಗಿಲಿಗೆ ಬರುವ ಸೇಲ್ಸ್ ಹುಡುಗರು ನಮ್ಮ ಊರುಗಳಿಗೆಲ್ಲ ಪರಿಚಯವಾದರಲ್ಲ, ಆ ಕಾಲ. ಅಮ್ಮ ಹಿಂದಿನ ದಿನವಷ್ಟೇ ಬಿಸಿಲಿಗೆ ಹಾಕಿ ಬಡಿದಿದ್ದ ಹಾಸಿಗೆ ಮೇಲೆ ಆ ಹುಡುಗ ಎರಡು ನಿಮಿಷ ಮಷಿನ್ ಓಡಿಸಿ, ಬಿಳಿ ಬಟ್ಟೆ ಮೇಲೆ ಬೂದಿಯಂಥ ಧೂಳು ತೋರಿಸಿದ. ಅಮ್ಮನ ಮುಖ ನೋಡೋಕಾಗದೆ ಅಪ್ಪ ಕಂತಿನಲ್ಲಿ ಮಷಿನ್ ತಗೊಂಡರು ಅಂತ ನನ್ನ ಅನುಮಾನ. ಆಮೇಲೂ ನೆಲಕ್ಕೆ ಪೊರಕೆಯೇ. ಮಷಿನ್ ಹೊರಬರ್ತಿದ್ದದ್ದು ವರ್ಷಕ್ಕೆ ನಾಲ್ಕು ಸಲ. "ಆಗಿನ ಸಾಮಾನು ಎಷ್ಟು ಗಟ್ಟಿ" ಅಂತ ಹೊಗಳುವವರು ಈ ಲೆಕ್ಕವನ್ನೂ ಹಿಡೀಬೇಕು!

ನಾನು ಹೋದದ್ದು ಮಿಕ್ಸಿ ರಿಪೇರಿ ಅಂಗಡಿಗೆ. ಮಿಕ್ಸಿಯೊಳಗೂ ಇದರೊಳಗೂ ಇರೋದು ಒಂದೇ ಜಾತಿಯ ಮೋಟರ್. ಅಂಗಡಿಯವರು ಆರು ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ನೋಡಿ, "ಕಾರ್ಬನ್ ಬ್ರಷ್ ಖಾಲಿಯಾಗಿದೆ, ಅಷ್ಟೇ ಅಕ್ಕಾ" ಅಂದರು. ಹೆಸರಿಗೆ ಬ್ರಷ್, ನೋಡೋಕೆ ಬಳಪದ ತುಂಡು. ಮೋಟರಿನೊಳಗೆ ಗಿರಗಿರ ತಿರುಗುವ, ತಂತಿ ಸುತ್ತಿದ ಆರ್ಮೇಚರಿನ ತಾಮ್ರದ ಭಾಗಕ್ಕೆ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತೆ, ಕರೆಂಟು ಹರಿಯೋದು ಅದರ ಮೂಲಕ. ಸವೆಯಲಿ ಅಂತಲೇ ಮಾಡಿದ್ದು. ನಮ್ಮದು ಉಗುರಿನಷ್ಟು ಉಳಿದಿತ್ತು. ಸರಿಯಾದ ಅಳತೆಯದು ಅವರ ಹತ್ತಿರ ಇರಲಿಲ್ಲ. ದಪ್ಪದ್ದೊಂದು ಜೊತೆ ತಗೊಂಡು ಎಮೆರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಕೂರಿಸಿದರು. ತಾಮ್ರ ಉಜ್ಜಿ, ಬೇರಿಂಗ್ ಬದಲಿಸಿ, ಒಟ್ಟು 450 ರೂಪಾಯಿ. "ಆರ್ಮೇಚರ್ ಸುಟ್ಟಿದ್ರೆ ನಾನೇ ಬೇಡ ಅಂತಿದ್ದೆ. ಕಾಯಿಲ್ ಕಟ್ಟಿಸೋ ದುಡ್ಡು ದಂಡ."

ಆಮೇಲೆ ಬೈದರು, ಧೂಳಿನ ಚೀಲ ಕೊಡವಿಲ್ಲ ಅಂತ. ಒಳಗೆ ಎಳೆದ ಗಾಳಿಯೇ ಈ ಮೋಟರನ್ನು ತಣ್ಣಗಿಡೋದು. ಚೀಲ ತುಂಬಿದರೆ ಗಾಳಿ ಇಲ್ಲ, ಮೋಟರ್ ಕಾಯುತ್ತೆ. ಪೈಪಿನ ಬಾಯಿಗೆ ಅಂಗೈ ಇಟ್ಟು ತೋರಿಸಿದರು, ಸದ್ದು ಕೀರಲಾಯ್ತು. ಮೋಟರ್ ಕಷ್ಟಪಡ್ತಿದೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ತಳ್ಳೋಕೆ ಗಾಳಿಯೇ ಸಿಗದೆ ಹೊರೆ ಕಮ್ಮಿಯಾಗಿ ಜೋರಾಗಿ ತಿರುಗುತ್ತಂತೆ. ಧೂಳು ತುಂಬಿ ಚೀಲ ಕಟ್ಟಿಕೊಂಡಾಗಲೂ ಅದೇ ಕೀರಲು. ಕೇಳಿದ ತಕ್ಷಣ ಸ್ವಿಚ್ ಆರಿಸಿ ಕೊಡವಬೇಕು.

ಹಳೇದೆಲ್ಲ ಚಿನ್ನ ಅಂತ ವಾದ ಮಾಡ್ತಿಲ್ಲ ನಾನು. ಹೆಚ್ಚು ವ್ಯಾಟ್ ಅಂದರೆ ಹೆಚ್ಚು ಎಳೆತ ಅನ್ನೋದೂ ಸುಳ್ಳು. ಯುರೋಪಿನಲ್ಲಿ 2014ರಲ್ಲಿ 1600 ವ್ಯಾಟ್, 2017ರಲ್ಲಿ 900 ವ್ಯಾಟ್ ಅಂತ ಮಿತಿ ಹಾಕಿದರು. ಅಲ್ಲಿಯ ಮನೆಗಳೇನೂ ಧೂಳಲ್ಲಿ ಮುಳುಗಲಿಲ್ಲ. ನನ್ನ ತಕರಾರು ಬೇರೆ. ನಾಲ್ಕು ವರ್ಷದ ಹಿಂದೆ ವೈರಿಲ್ಲದ, ಬ್ಯಾಟರಿಯದ್ದೊಂದು ತಗೊಂಡಿದ್ದೆವು. ಹಗುರ, ಸದ್ದು ಕಮ್ಮಿ, ನಿಜಕ್ಕೂ ಚೆನ್ನಾಗಿತ್ತು. ಮೂರನೇ ವರ್ಷಕ್ಕೆ ಐದು ನಿಮಿಷ ಓಡಿ ಕೂತುಬಿಡ್ತಿತ್ತು. ಹೊಸ ಬ್ಯಾಟರಿ ಕೇಳಿದರೆ "ಆ ಮಾಡೆಲ್ ನಿಂತಿದೆ ಮೇಡಂ." ಇದೇ ಮಿಕ್ಸಿ ಅಂಗಡಿಗೆ ಒಯ್ದಾಗ ಅವರು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಸ್ಕ್ರೂ ಕಾಣಲಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು, ಕಂಪನಿಗಳು ರಿಪೇರಿ, ಬಿಡಿಭಾಗದ ಮಾಹಿತಿ ಹಾಕುವ ವೆಬ್‌ಸೈಟು. ಒಳ್ಳೇದೇ. ಆದರೆ ಬಿಚ್ಚೋಕೇ ಬಾರದ ಹಾಗೆ ಮಾಡಿದ ಸಾಮಾನಿನ ಮುಂದೆ ನಮ್ಮ ಮಿಕ್ಸಿ ಅಂಗಡಿಯವರು ಯಾವ ಪೋರ್ಟಲ್ ಇಟ್ಟುಕೊಂಡು ಏನು ಮಾಡ್ತಾರೆ?

ಯಜಮಾನರ ಮಾತು ಒಂದು ವಿಷಯದಲ್ಲಿ ಮಾತ್ರ ನಿಜ, ಮನೆಯೊಳಗೆ ಹಳೇ ಮಷಿನ್ನಿನ ಕಾಲ ಮುಗೀತು. ಅದರ ಬಟ್ಟೆ ಚೀಲ ದಪ್ಪ ಧೂಳು ಹಿಡಿದು, ನುಣ್ಣನೆಯದನ್ನು ಹಿಂದಿನಿಂದ ಮನೆಗೇ ವಾಪಸ್ ಊದುತ್ತೆ. ಮಗಳಿಗೆ ವೀಸಿಂಗ್ ಇದೆ. ತಮಾಷೆ ಅಂದರೆ, 1907ರ ಹೊತ್ತಿಗೆ ಅಮೆರಿಕದ ಓಹಾಯೋದಲ್ಲಿ ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಕ್ಲೀನರ್ ಕಟ್ಟಿದ ಜೇಮ್ಸ್ ಮುರ್ರೆ ಸ್ಪ್ಯಾಂಗ್ಲರ್ ಕೂಡ ಉಬ್ಬಸದ ರೋಗಿ. ಅಂಗಡಿ ಮಳಿಗೆ ಗುಡಿಸುವ ಕೆಲಸದಲ್ಲಿದ್ದವ. ಧೂಳಿನ ಕಾಟ ತಾಳಲಾರದೆ ಫ್ಯಾನ್ ಮೋಟರಿಗೆ ಪೊರಕೆ ಹಿಡಿಕೆ ಸಿಕ್ಕಿಸಿ, ದಿಂಬಿನ ಚೀಲ ಕಟ್ಟಿಕೊಂಡ. ಆ ದಿಂಬಿನ ಚೀಲಕ್ಕಿಂತ ನಮ್ಮ ಮಷಿನ್ನಿನ ಚೀಲ ಬಹಳವೇನೂ ಮುಂದುವರಿದಿಲ್ಲ.

ಹಾಗಾಗಿ ಹಳೇದು ಈಗ ಟೆರೇಸಿಗೆ ಬಡ್ತಿ ಪಡೆದಿದೆ. ಹಾಸಿಗೆ, ಕಾರಿನ ಸೀಟು ಅಲ್ಲಿ, ನಾನು ಮಾಸ್ಕ್ ಹಾಕಿಕೊಂಡು. ಮನೆಯೊಳಕ್ಕೆ ನುಣ್ಣನೆ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರಿನ, ವೈರಿರುವ ಹೊಸದೊಂದು ತರೋಣ ಅಂತ ನಿನ್ನೆ ಶೋರೂಮಿಗೆ ಹೋಗಿದ್ದೆವು. ಹುಡುಗ ಆ್ಯಪ್, ಲೈಟು, ಬಣ್ಣ ಎಲ್ಲ ವಿವರಿಸಿದ. ನಾನು ಅದನ್ನು ಬೋರಲು ಹಾಕಿ ತಳದಲ್ಲಿ ಸ್ಕ್ರೂ ಎಣಿಸ್ತಾ ಕೂತೆ. ಯಜಮಾನರು ಮೆಲ್ಲಗೆ ಫ್ರಿಜ್‌ಗಳ ಕಡೆ ನಡೆದುಬಿಟ್ಟರು.