ಪಠನ ತಂತ್ರ ಶಿಲ್ಪಶಾಲೆ

ಮಲಯಾಳದಲ್ಲಿ ‘ಪಠನಂ’ ಎಂದರೆ ಕಲಿಕೆ. ಕನ್ನಡದಲ್ಲಿ ‘ಪಠನ’ ಎಂದರೆ ಬಾಯಿಬಿಟ್ಟು ಓದುವುದು, ಸಂಜೆ ಹೊತ್ತು ಸಹಸ್ರನಾಮ ಓದುವ ಹಾಗೆ. ಅವರ ‘ತಂತ್ರಂ’ ಉಪಾಯ. ನಮ್ಮ ಕಡೆ ತಂತ್ರ ಎಂದೊಡನೆ ಕಣ್ಣಿಗೆ ಬರುವುದು ದೇವಸ್ಥಾನದ ಬ್ರಹ್ಮಕಲಶಕ್ಕೆ ಬರುವ ತಂತ್ರಿಗಳು. ‘ಶಿಲ್ಪಶಾಲ’ ಅವರಿಗೆ ಕಾರ್ಯಾಗಾರ, ನಮಗೆ ಕಲ್ಲು ಕೆತ್ತುವ ಜಾಗ. ಹೀಗಿರುವಾಗ ಕಾಸರಗೋಡಿನ ಕಾಲೇಜಿನವರು ಸುತ್ತೋಲೆಯ ಲಿಪಿಯನ್ನಷ್ಟೇ ಬದಲಿಸಿ ‘ಏಕದಿನ ಪಠನ ತಂತ್ರ ಶಿಲ್ಪಶಾಲೆ’ ಎಂದು ಕನ್ನಡದ ಮಕ್ಕಳಿಗೆ ಹಂಚಿದರೆ, ಬದಿಯಡ್ಕದ ಅಪ್ಪನಿಗೆ ಮಗ ಪಂಚೆ ಉಟ್ಟು ಹೋಗಬೇಕೋ, ಉಳಿ ಸುತ್ತಿಗೆ ಹಿಡಿದು ಹೋಗಬೇಕೋ ಎಂಬ ಸಂದೇಹ ಬಂದರೆ ತಪ್ಪೇನು?

ಹೋದ ಮೇಲೆ ತಿಳಿಯುತ್ತದೆ, ಅನುವಾದ ಅಷ್ಟೇನೂ ತಪ್ಪಿಲ್ಲ. ನಡೆಯುವುದು ಪಠನವೇ. ಕೂತವರು ಕಲ್ಲೇ.

ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಕಾಲಮಿತಿ ಎಂಬ ನೆಪದಲ್ಲಿ ಪ್ರಸಂಗಕ್ಕೆ ಮೊದಲಿನ ಪೂರ್ವರಂಗವನ್ನು ಮೊಟಕು ಮಾಡಿವೆ ಎಂದು ಹಳಬರು ಕೊರಗುತ್ತಾರೆ. ಅವರು ಒಮ್ಮೆ ಈ ಕಾರ್ಯಾಗಾರಕ್ಕೆ ಬರಬೇಕು. ಹತ್ತು ಗಂಟೆ ಎಂದರೆ ಹತ್ತು ಐವತ್ತಕ್ಕೆ ಪ್ರಾರ್ಥನೆ. ಸ್ವಾಗತ, ಪ್ರಸ್ತಾವನೆ, ಕಾಲುದೀಪಕ್ಕೆ ಐದು ಬತ್ತಿ, ಐದು ಬತ್ತಿಗೆ ಐದು ಗಣ್ಯರು, ಫ್ಯಾನಿನ ಗಾಳಿಗೆ ಆರುವ ಎರಡು ಬತ್ತಿ, ಅಧ್ಯಕ್ಷ ಭಾಷಣ, ಬಳಿಕ ನಾಲ್ವರ ಶುಭಾಶಂಸನೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಒಂದೂ ಬಿಡದೆ ಕುಣಿದು ಇಳಿದ ಮೇಲೆ ಸಂಪನ್ಮೂಲ ವ್ಯಕ್ತಿಯ ಪ್ರವೇಶ. ಅಷ್ಟರಲ್ಲಿ ಚಾಯಕ್ಕೆ ಹೊತ್ತಾಗಿರುತ್ತದೆ.

ಚಾಯ, ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಮುಗಿಸಿ ಬಂದರೆ ಅರವತ್ತನಾಲ್ಕು ಸ್ಲೈಡು. ಏಳನೆಯದರಲ್ಲಿ ದಪ್ಪಕ್ಷರದಲ್ಲಿ ಬರೆದಿದೆ: ‘ಓದಿದ್ದನ್ನೇ ಮತ್ತೆ ಮತ್ತೆ ಓದುವುದರಿಂದ ಪ್ರಯೋಜನ ಕಡಿಮೆ.’ ಸಂಪನ್ಮೂಲ ವ್ಯಕ್ತಿ ಇದನ್ನು ಎರಡು ಸಲ ಓದುತ್ತಾರೆ. ಹಿಂದಿನ ಬೆಂಚಿಗೆ ಕೇಳಿಸಲಿಲ್ಲವೆಂದು ಮೂರನೆಯ ಸಲವೂ.

ಮಾತು ಸುಳ್ಳಲ್ಲ, ಅದೇ ಬೇಜಾರು. 2013ರಲ್ಲಿ ಮನೋವಿಜ್ಞಾನಿ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳನ್ನು ಒರೆಗೆ ಹಚ್ಚಿದರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನಗಳ ಅಂತರ ಬಿಟ್ಟು ಓದುವುದು. ಮರುಓದು, ಗೆರೆ ಎಳೆಯುವುದು, ಹೈಲೈಟರು ಬಳಿಯುವುದು ಕೆಳಗಿನ ದರ್ಜೆಗೆ ಇಳಿದವು. ಇದು ಹನ್ನೊಂದನೆಯ ಸ್ಲೈಡಿನಲ್ಲಿದೆ. ಅಂದು ಹಂಚುವ ಕಿಟ್ಟಿನಲ್ಲಿ ಏನಿದೆ? ಒಂದು ಫೈಲು, ಒಂದು ಪೆನ್ನು, ನಾಲ್ಕು ಬಣ್ಣದ ಹೈಲೈಟರು.

ಹೈಲೈಟರಿನ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಸೀನಿಯರ್ ಅಕ್ಕ ಮುಖ್ಯವಾದದ್ದಕ್ಕೆ ಹಳದಿ, ಅತಿ ಮುಖ್ಯವಾದದ್ದಕ್ಕೆ ಹಸಿರು, ಬಂದೇ ಬರುತ್ತದೆ ಎಂಬುದಕ್ಕೆ ನೀಲಿ ಬಳಿದ ನೋಟ್ಸು ಪರೀಕ್ಷೆಯ ಹಿಂದಿನ ವಾರ ಬಸ್‌ಸ್ಟ್ಯಾಂಡಿನ ಎದುರಿನ ಫೋಟೋಸ್ಟಾಟ್ ಅಂಗಡಿಗೆ ಬರುತ್ತದೆ. ಅಲ್ಲಿರುವುದು ಕಪ್ಪುಬಿಳುಪಿನ ಯಂತ್ರ. ಹಳದಿ ಮಾಯವಾಗುತ್ತದೆ. ಹಸಿರು ಬೂದು ಬಣ್ಣವಾಗುತ್ತದೆ. ನೀಲಿ ಬಳಿದ ಸಾಲು ಅಕ್ಷರವನ್ನೂ ನುಂಗಿ ಕಪ್ಪು ಪಟ್ಟಿಯಾಗುತ್ತದೆ. ಆ ಪ್ರತಿಯ ಪ್ರತಿಯ ಪ್ರತಿ ಉಪ್ಪಳಕ್ಕೆ ಮುಟ್ಟುವ ಹೊತ್ತಿಗೆ ಓದಲು ಬರುವುದು ಅಕ್ಕ ಬೇಡವೆಂದು ಬಿಟ್ಟ ಸಾಲುಗಳು, ಹೆಚ್ಚೆಂದರೆ ಹಳದಿಯವು. ಇಡೀ ಬ್ಯಾಚು ಅದನ್ನೇ ಶ್ರದ್ಧೆಯಿಂದ ಓದುತ್ತದೆ.

ಮಧ್ಯಾಹ್ನದ ಅಧಿವೇಶನ ‘ಕಲಿಕೆಯ ಪಿರಮಿಡ್ಡಿ’ನದ್ದು. ಓದಿದರೆ ಶೇ. 10, ಕೇಳಿದರೆ ಶೇ. 20, ನೋಡಿದರೆ ಶೇ. 30, ಇನ್ನೊಬ್ಬರಿಗೆ ಕಲಿಸಿದರೆ ಶೇ. 90 ನೆನಪಿರುತ್ತದಂತೆ. ಎಲ್ಲವೂ ಸೊನ್ನೆಯಲ್ಲೇ ಮುಗಿಯುವ ಲೆಕ್ಕವನ್ನು ಕಂಡರೆ ಅಡಕೆ ವ್ಯಾಪಾರಿಗಾದರೂ ಗುಮಾನಿ ಬರುತ್ತದೆ, ಪ್ರಾಧ್ಯಾಪಕರಿಗೆ ಬರುವುದಿಲ್ಲ. ಇದರ ಮೂಲವೆಂದು ತೋರಿಸುವ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ‘ಅನುಭವದ ಶಂಕು’ ಎಂಬ ಚಿತ್ರದಲ್ಲಿ ಒಂದೇ ಒಂದು ಶೇಕಡಾ ಅಂಕಿಯಿಲ್ಲ. ಆಮೇಲೆ ಯಾರೋ ತುಂಬಿಸಿದ್ದು. ಅದರ ಬೆನ್ನಿಗೇ ‘ನೀವು ಕಣ್ಣಿನವರೋ, ಕಿವಿಯವರೋ, ಕೈಕಾಲಿನವರೋ’ ಎಂಬ ಪ್ರಶ್ನಾವಳಿ. ಅವರವರ ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಪುರಾವೆಯಿಲ್ಲವೆಂದು 2008ರಲ್ಲೇ ಮನೋವಿಜ್ಞಾನಿಗಳಾದ ಪ್ಯಾಶ್ಲರ್ ಮೊದಲಾದವರು ವಿಮರ್ಶೆ ಬರೆದು ಕೈತೊಳೆದುಕೊಂಡಿದ್ದಾರೆ. ಊಟ ಆದ ಮೇಲೆ ಎಲ್ಲರೂ ಒಂದೇ ಶೈಲಿಯವರು, ಕಣ್ಣು ಮುಚ್ಚಿದವರು.

ಇಡೀ ದಿನದಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಬೇಕಿದ್ದದ್ದು ತಲೆಗೊಂದು ಖಾಲಿ ಹಾಳೆ. ಒಂದು ಪಾಠವನ್ನು ಒಮ್ಮೆ ಸರಿಯಾಗಿ ಓದುವುದು, ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕುವುದು (ಮಡಿಲಲ್ಲಿ ಇಟ್ಟುಕೊಂಡರೆ ಕೈ ತಾನಾಗಿ ತೆರೆಯುತ್ತದೆ), ಹತ್ತು ನಿಮಿಷ ನೆನಪಿಗೆ ಬಂದದ್ದನ್ನೆಲ್ಲ ನೀಲಿ ಶಾಯಿಯಲ್ಲಿ ಬರೆಯುವುದು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪಿನಲ್ಲಿ ಸೇರಿಸುವುದು. ನಾಡಿದ್ದು ಓದಬೇಕಾದದ್ದು ಆ ಕೆಂಪನ್ನು ಮಾತ್ರ. ಕೆಡುವುದು ಎರಡು ಕಡೆ. ಇಪ್ಪತ್ತು ಸೆಕೆಂಡಿಗೇ ಪುಸ್ತಕ ಇಣುಕಿ ‘ಹ್ಞಾಂ, ಇದು ನನಗೆ ಗೊತ್ತಿತ್ತು’ ಎಂದುಕೊಳ್ಳುವುದು ಒಂದು; ಕಂಡಾಗ ಗುರುತು ಹತ್ತುವುದು ಬೇರೆ, ಕಾಣದೆ ಹೇಳುವುದು ಬೇರೆ. ಕೆಂಪು ಶಾಯಿಯ ಕೆಲಸ ತಪ್ಪಿಸುವುದು ಇನ್ನೊಂದು. ಆಗ ತಪ್ಪೇ ಗಟ್ಟಿಯಾಗುತ್ತದೆ.

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಡಿಗ್ರಿಯಲ್ಲಿ ಇಂಗ್ಲಿಷಿಗೆ ಬಿದ್ದವರಿಗೆ ಇನ್ನೊಂದು ಹೆಜ್ಜೆ ಹೆಚ್ಚು. ‘ಆಸ್ಮೋಸಿಸ್’ ಎಂಬ ಪದ, ಅದರೆದುರು ‘ಅಭಿಸರಣೆ’, ಅದರ ಕೆಳಗೆ ನೀರಲ್ಲಿ ನೆನೆಹಾಕಿದ ಒಣದ್ರಾಕ್ಷಿ ಉಬ್ಬಿದ ಉದಾಹರಣೆ. ಮೊದಲು ಕನ್ನಡದಲ್ಲಿ ಬಾಯಲ್ಲಿ ವಿವರಿಸಿ, ಕೊನೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಅರ್ಥವೂ ಪದವೂ ಒಟ್ಟಿಗೆ ಕೂರುತ್ತವೆ. ನೇರ ಇಂಗ್ಲಿಷ್ ಸಾಲನ್ನೇ ಉರುಹೊಡೆದರೆ ಒಂದು ಪದ ಜಾರಿದಾಗ ಇಡೀ ಉತ್ತರ ಜಾರುತ್ತದೆ. ಕಾರ್ಯಾಗಾರದಲ್ಲಿ ಇದರ ಮಾತಿಲ್ಲ. ಸ್ಲೈಡು ಇಂಗ್ಲಿಷ್, ವಿವರಣೆ ಮಲಯಾಳ, ಕನ್ನಡಕ್ಕೆ ವಂದನಾರ್ಪಣೆ.

ತಮಾಷೆಯೆಂದರೆ ಅದೇ ಸಭೆಯ ಹಿಂದಿನ ಬೆಂಚಿನಲ್ಲಿ ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಅಂದರೆ ತಾಳಮದ್ದಳೆಗೆ ಅರ್ಥ ಹೇಳುವ ಹುಡುಗನಿರುತ್ತಾನೆ. ಅಲ್ಲಿ ಪ್ರಸಂಗದ ಪುಸ್ತಕ ಭಾಗವತರ ಎದುರು ಮಾತ್ರ. ಅರ್ಥಧಾರಿಯ ಕೈ ಬರಿದು, ತಪ್ಪಿದರೆ ಎದುರಾಳಿ ಅಲ್ಲೇ ಹಿಡಿಯುತ್ತಾನೆ, ಮುಂದಿನ ಕೂಟಕ್ಕೆ ಆ ತಪ್ಪು ಮರುಕಳಿಸದು. ಗಂಟೆಗಟ್ಟಲೆ ವಾದ ಮಾಡಬಲ್ಲ ಅವನಿಗೆ ಕಾಲೇಜಿನಲ್ಲಿ ‘ನೆನಪುಶಕ್ತಿ ಸುಧಾರಣೆ ಅಗತ್ಯ’ ಎಂದು ಸಲಹೆ ಬರೆದುಕೊಡುತ್ತಾರೆ.

ವೇಳಾಪಟ್ಟಿಯ ಸ್ಲೈಡನ್ನು ಹೆಚ್ಚು ದೂರುವಂತಿಲ್ಲ. ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಓದು, ಎಲ್ಲೂ ಬಸ್ಸಿಲ್ಲ, ಮಳೆ ರಜೆಯಿಲ್ಲ, ಕೋಲವಿಲ್ಲ, ಚಿಕ್ಕಮ್ಮನ ಮಗಳ ಮದುವೆಯಿಲ್ಲ. ಹೇಗೂ ಆ ಪಟ್ಟಿ ಮಂಗಳವಾರದೊಳಗೆ ಹರಿದುಹೋಗುತ್ತದೆ.

ಇಷ್ಟಾದ ಮೇಲೆ ಫೋಟೋ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಒಂದು ಮಾನದಂಡ ವಿದ್ಯಾರ್ಥಿಗಳಿಗೆ ಬೆಂಬಲ ಮತ್ತು ಅವರ ಪ್ರಗತಿಯದ್ದು. ದಾಖಲೆಗೆ ಜಿಯೋಟ್ಯಾಗ್ ಇರುವ ಚಿತ್ರ ಬೇಕು. ಮಗು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಆಸುಪಾಸು ಎಲ್ಲಿ ಕೂತಿತ್ತು ಎಂಬುದು ದಶಮಾಂಶದ ಐದಾರು ಸ್ಥಾನದವರೆಗೆ ದಾಖಲಾಗುತ್ತದೆ. ಏನು ಕಲಿಯಿತು ಎಂಬುದಕ್ಕೆ ಕಾಲಂ ಇಲ್ಲ.

ಆದರೂ ಫೀಡ್‌ಬ್ಯಾಕ್ ಫಾರಂ ತುಂಬ ‘ಅತ್ಯುತ್ತಮ’ ಎಂದೇ ಬರುತ್ತದೆ. ಕಾರಣವೂ ಶಾಸ್ತ್ರೋಕ್ತ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟು, ಕೆಲವರಿಗೆ ಮತ್ತೆ ಓದಲು, ಕೆಲವರಿಗೆ ನೋಡದೆ ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ಬಳಿಕ ಬರೆದವರು ಮುಂದು. ನಮ್ಮ ಫಾರಂ ತುಂಬಿಸುವುದು ವಂದನಾರ್ಪಣೆಯಾಗಿ ಐದನೆಯ ನಿಮಿಷಕ್ಕೆ, ಅದೂ ತುಂಬಿಸಿದವರಿಗೆ ಮಾತ್ರ ಸರ್ಟಿಫಿಕೇಟು. ವಾರ ಬಿಟ್ಟು ಕೇಳಿದರೆ ನೆನಪಿರುವುದು ಪಳಂಪೊರಿ ತಣ್ಣಗಿತ್ತು ಎಂಬುದು.

ಒಂದನ್ನು ಒಪ್ಪಬೇಕು. ಅಂತರ ಬಿಟ್ಟು ಕಲಿಯುವ ತಂತ್ರವನ್ನು ಸಂಘಟಕರು ಚಾಚೂ ತಪ್ಪದೆ ಪಾಲಿಸುತ್ತಾರೆ. ಎಷ್ಟು ಕಾಲ ನೆನಪಿರಬೇಕೋ ಅದರ ಹತ್ತರಿಂದ ಇಪ್ಪತ್ತು ಶೇಕಡಾ ಅಂತರ ಬಿಡಿ ಎಂಬುದು ಒಂದು ಅಂದಾಜು. ತಿಂಗಳ ನಂತರದ ಪರೀಕ್ಷೆಗೆ ಮೂರರಿಂದ ಆರು ದಿನ. ಮುಂದಿನ ಶಿಲ್ಪಶಾಲೆ ಸರಿಯಾಗಿ ಒಂದು ವರ್ಷ ಬಿಟ್ಟು, ಅದೇ ಸಭಾಂಗಣ, ಅದೇ ಅರವತ್ತನಾಲ್ಕು ಸ್ಲೈಡು. ಲೆಕ್ಕದ ಪ್ರಕಾರ ಮಕ್ಕಳಿಗೆ ಐದರಿಂದ ಹತ್ತು ವರ್ಷ ನೆನಪಿರಬೇಕು. ಬ್ಯಾನರಿನಲ್ಲಿ ತಾರೀಕಿನ ಜಾಗಕ್ಕೆ ಬಿಳಿ ಕಾಗದ ಅಂಟಿಸಿದರೆ ಸಾಕು.