ಒಂದು ವರ್ಷಕ್ಕೆ ಕೊಂಡ ಆಟಿಕೆ ಐದು ವರ್ಷದವರೆಗೂ ಬರಬೇಕು

ಪುಟ್ಟ ಮಕ್ಕಳಿರುವ ಸ್ನೇಹಿತರು ಹುಟ್ಟುಹಬ್ಬ ಹತ್ತಿರವಾದಾಗಲೆಲ್ಲ ಯಾವ ಆಟಿಕೆ ಕೊಡಿಸಬೇಕೆಂದು ಕೇಳುತ್ತಿರುತ್ತಾರೆ. ಅಂಗಡಿಯಲ್ಲಿ ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಆಟಿಕೆಗಳು ಬಟನ್ ಒತ್ತಿದರೆ ಹಾಡುತ್ತವೆ, ದೀಪ ಮಿನುಗಿಸುತ್ತವೆ, ಇಂಗ್ಲಿಷ್ ಅಕ್ಷರಮಾಲೆಯನ್ನು ಒಪ್ಪಿಸುತ್ತವೆ. ಅಲ್ಲಿ ಕೆಲಸವನ್ನೆಲ್ಲ ಆಟಿಕೆಯೇ ಮಾಡಿಬಿಡುವುದರಿಂದ ಮಗುವಿನ ಪಾಲಿಗೆ ಉಳಿಯುವುದು ಬಟನ್ ಒತ್ತುವುದಷ್ಟೇ. ಯಾವ ಬಟನ್ನಿಗೆ ಯಾವ ಸದ್ದು ಎಂದು ತಿಳಿದ ಮೇಲೆ ಅದರಲ್ಲಿ ಹುಡುಕಲು ಏನೂ ಇರುವುದಿಲ್ಲ. ಕುತೂಹಲ ಹೆಚ್ಚಿರುವ ಮಗುವೇ ಅದನ್ನು ಬೇಗ ಮೂಲೆಗೆ ತಳ್ಳುತ್ತದೆ. ಹಾಗಾಗಿ ನಾನು ಹೇಳುವುದು, ತಾನಾಗಿ ಏನನ್ನೂ ಮಾಡದ ಆಟಿಕೆಯನ್ನು ಆರಿಸಿ ಎಂದು. ಒಂದಕ್ಕೊಂದು ಅಳತೆ ಕೂಡುವಂತೆ ಕತ್ತರಿಸಿ, ಅಂಚುಗಳನ್ನು ನುಣುಪು ಮಾಡಿದ ಮರದ ಬ್ಲಾಕುಗಳ ಒಂದು ಸೆಟ್ ಸಾಕು.

ಅದೇ ಬ್ಲಾಕುಗಳು ವರ್ಷ ಕಳೆದಂತೆ ಹೇಗೆ ಬೇರೆ ಬೇರೆ ಆಟಿಕೆಗಳಾಗುತ್ತವೆ ಎಂಬುದನ್ನು ಗಮನಿಸಬೇಕು. ಒಂದು ವರ್ಷದ ಮಗು ಅವನ್ನು ಬಾಯಿಗಿಡುತ್ತದೆ, ಒಂದನ್ನೊಂದು ತಟ್ಟಿ ಸದ್ದು ಕೇಳುತ್ತದೆ, ಡಬ್ಬಿಗೆ ತುಂಬಿ ಸುರಿಯುತ್ತದೆ, ಮತ್ತೆ ತುಂಬುತ್ತದೆ. ನಮಗೆ ಬೇಸರ ತರಿಸುವ ಆ ಪುನರಾವರ್ತನೆಯಲ್ಲಿ ಒಳಗೆ ಮತ್ತು ಹೊರಗೆ, ತುಂಬಿದ್ದು ಮತ್ತು ಖಾಲಿಯಾದದ್ದು ಎಂಬ ದೊಡ್ಡ ತಿಳಿವಳಿಕೆಗಳು ಮಗುವಿನ ಕೈಗೆ ಹತ್ತುತ್ತಿರುತ್ತವೆ. ಹದಿನೈದು ತಿಂಗಳ ಸುಮಾರಿಗೆ ಒಂದರ ಮೇಲೊಂದು ಎರಡನ್ನು ನಿಲ್ಲಿಸುತ್ತದೆ. ಎರಡು ವರ್ಷಕ್ಕೆ ಆರರ ಗೋಪುರವಾಗುತ್ತದೆ. ಮೂರು ವರ್ಷಕ್ಕೆ ಒಂಬತ್ತು ಹತ್ತರವರೆಗೂ ಹೋಗುತ್ತದೆ ಮತ್ತು ಎರಡು ಬ್ಲಾಕುಗಳ ನಡುವೆ ಸಂದು ಬಿಟ್ಟು ಮೂರನೆಯದನ್ನು ಮೇಲಿಟ್ಟು ಸೇತುವೆ ಕಟ್ಟುವುದು ಬರುತ್ತದೆ. ಮಕ್ಕಳ ವೈದ್ಯರೂ ಕೈಚಳಕದ ಬೆಳವಣಿಗೆಯನ್ನು ನೋಡಲು ಇಂಥ ಪುಟ್ಟ ಘನಗಳನ್ನೇ ಬಳಸುತ್ತಾರೆ. ಮಗುವಿನಿಂದ ಮಗುವಿಗೆ ಈ ಲೆಕ್ಕ ಹಿಂದುಮುಂದಾಗುವುದು ಸಹಜವಾದ್ದರಿಂದ ಪಕ್ಕದ ಮನೆಯ ಮಗುವಿನ ಗೋಪುರಕ್ಕೆ ಹೋಲಿಸಿ ಯಾರೂ ಆತಂಕ ಪಡಬೇಕಾಗಿಲ್ಲ. ಸೇತುವೆ ಬಂದ ನಂತರ ಅದರ ಕೆಳಗೆ ಬಸ್ಸು ಓಡುತ್ತದೆ, ಬಸ್ಸಿಗೆ ನಿಲ್ದಾಣ ಬೇಕಾಗುತ್ತದೆ, ನಿಲ್ದಾಣಕ್ಕೆ ಜನ ಬರುತ್ತಾರೆ. ನಾಲ್ಕೈದು ವರ್ಷದ ಹೊತ್ತಿಗೆ ಆ ತುಂಡುಗಳು ಕಥೆಯೊಂದರ ಸಾಮಾನುಗಳಾಗಿರುತ್ತವೆ.

ಅಳತೆ ಕೂಡಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡು ಗಿಡ್ಡ ಬ್ಲಾಕುಗಳನ್ನು ಜೋಡಿಸಿದರೆ ಒಂದು ಉದ್ದನೆಯ ಬ್ಲಾಕಿಗೆ ಸರಿಯಾಗಿ ಸಮವಾಗುವ ಸೆಟ್‌ನಲ್ಲಿ, ಅರ್ಧ ಮತ್ತು ಇಮ್ಮಡಿ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕಟ್ಟಡದ ಎರಡು ಕಾಲುಗಳು ಸಮವಾದರೆ ಮಾತ್ರ ಚಾವಣಿ ನಿಲ್ಲುತ್ತದೆ ಎಂಬುದರಿಂದಲೇ ಅದು ತಿಳಿಯುತ್ತದೆ. ಜರ್ಮನಿಯಲ್ಲಿ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆ ಆರಂಭಿಸಿ ಮುಂದೆ ಅದನ್ನು ಕಿಂಡರ್‌ಗಾರ್ಟನ್ ಎಂದು ಕರೆದ ಫ್ರೆಡ್ರಿಕ್ ಫ್ರೋಬೆಲ್ ರೂಪಿಸಿದ ಆಟಿಕೆಗಳಲ್ಲಿ, ಎಂಟು ಸಮಾನ ಘನಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಒಂದು ಮರದ ಘನವಿತ್ತು. ಪ್ಲಾಸ್ಟಿಕ್ಕಿನಲ್ಲೂ ಈ ವಿವೇಕವನ್ನು ಕಾಣಬಹುದು: ಲೆಗೊ ಕಂಪನಿಯ ಡ್ಯೂಪ್ಲೊ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಸಾಮಾನ್ಯ ಲೆಗೊ ಇಟ್ಟಿಗೆಯ ಎರಡರಷ್ಟಿದ್ದು, ಮಗು ದೊಡ್ಡದಾದ ಮೇಲೆ ಚಿಕ್ಕ ಇಟ್ಟಿಗೆಗಳು ಅದರ ಮೇಲೆಯೇ ಕೂರುತ್ತವೆ.

ನಮ್ಮ ಚನ್ನಪಟ್ಟಣದ ಬಳೆಗಂಬದ, ಅಂದರೆ ಒಂದು ಕಂಬಕ್ಕೆ ಮರದ ಬಳೆಗಳನ್ನು ಪೋಣಿಸುವ ಆಟಿಕೆಯ ಬಗ್ಗೆಯೂ ಹೇಳಲೇಬೇಕು. ಆಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತ ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿದರೆ ಆ ಹೊಳಪು ಬರುತ್ತದೆ. ಇಂಥ ಆಟಿಕೆ ಕೊಳ್ಳುವಾಗ ನಡುವಿನ ಕಂಬವನ್ನು ನೋಡಿ. ತುದಿಗೆ ಹೋಗುತ್ತ ಸಣ್ಣಗಾಗುವ ಕಂಬವಾದರೆ ದೊಡ್ಡ ಬಳೆ ಕೆಳಗೆ, ಚಿಕ್ಕದು ಮೇಲೆ ಎಂಬ ಒಂದೇ ಉತ್ತರವನ್ನು ಅದು ಒಪ್ಪುತ್ತದೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರುವ ಕಂಬ ಯಾವ ಕ್ರಮವನ್ನೂ ಬೇಡವೆನ್ನುವುದಿಲ್ಲ. ನನ್ನ ಮಗಳು ಎಲ್ಲಕ್ಕಿಂತ ದೊಡ್ಡ ಬಳೆಯನ್ನು ತುದಿಯಲ್ಲಿ ಹಾಕಿ, ತಲೆ ಓರೆ ಮಾಡಿ ನೋಡಿ, ಎಲ್ಲವನ್ನೂ ತೆಗೆದು ಮತ್ತೆ ಬೇರೆ ಥರ ಪೋಣಿಸುತ್ತಿದ್ದಳು. ಸ್ವಲ್ಪ ದೊಡ್ಡವಳಾದ ಮೇಲೆ ಕೆಂಪು, ಹಳದಿ, ಕೆಂಪು, ಹಳದಿ ಎಂದು ಜೋಡಿಸತೊಡಗಿದಳು. ಈಗ ಆ ಬಳೆಗಳು ಬ್ಲಾಕಿನ ಬಸ್ಸಿಗೆ ಗಾಲಿಗಳಾಗಿವೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಪುಟ್ಟ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬ್ಲಾಕಿನ ಪ್ರತಿ ಅಂಚೂ ನಾಲ್ಕು ಸೆಂಟಿಮೀಟರ್ ಇದ್ದರೆ ಆ ಭಯವಿಲ್ಲ. ಸದ್ದು ಮಾಡುವ ಆಟಿಕೆಗಳಲ್ಲಿ ಬಟನ್ ಸೆಲ್, ಅಂದರೆ ಅಂಗಿಯ ಗುಂಡಿಯಂಥ ಪುಟ್ಟ ಬ್ಯಾಟರಿ ಇರುವುದುಂಟು. ನುಂಗಿದ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು, ಹಾಗಾಗಿ ಸ್ಕ್ರೂ ಹಾಕಿ ಭದ್ರಪಡಿಸಿದ ಮುಚ್ಚಳವಿಲ್ಲದ ಆಟಿಕೆ ಮನೆಯೊಳಗೆ ಬರಲೇಬಾರದು. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇರುವುದರಿಂದ ಕರಕುಶಲ ಆಟಿಕೆಯಲ್ಲಿ ಗುರುತು ಕಾಣದಿದ್ದರೆ ಅದನ್ನೇ ದೋಷವೆನ್ನಲಾಗದು. ಆದರೆ ಅಲ್ಲಿ ಪರೀಕ್ಷೆಯ ಹೊಣೆ ನಮ್ಮ ಮೇಲೆ ಬೀಳುತ್ತದೆ: ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುವುದೇ ನೋಡಬೇಕು, ಅಂಚಿನ ಮೇಲೆ ಬೆರಳಾಡಿಸಿ ಸಿಬಿರಿದೆಯೇ ನೋಡಬೇಕು, ಅಂಟಿಸಿದ ಮಣಿ ಅಥವಾ ಕಣ್ಣು ಎಳೆದರೆ ಕಿತ್ತು ಬರುವುದೇ ನೋಡಬೇಕು.

ಕೊಂಡ ಮೇಲೆ ದೊಡ್ಡವರು ಮಾಡಬೇಕಾದದ್ದು ಸ್ವಲ್ಪವೇ, ಆದರೆ ಅದನ್ನು ಮಾಡಲೇಬೇಕು. ಎಲ್ಲ ತುಂಡುಗಳನ್ನೂ ಒಟ್ಟಿಗೆ ಸುರಿಯದೆ ಒಂದೂವರೆ ವರ್ಷದ ಮಗುವಿಗೆ ಎಂಟು ಹತ್ತನ್ನು ಕೊಟ್ಟು, ಉಳಿದವನ್ನು ಎತ್ತಿಟ್ಟು, ಅದು ಹೆಚ್ಚು ಕೇಳುವ ಹಂತಕ್ಕೆ ಬಂದಾಗ ಹೊರತೆಗೆಯಿರಿ. ಪಕ್ಕದಲ್ಲಿ ಕೂತು, ಅದು ಮಾಡುತ್ತಿರುವುದನ್ನೇ ನಮ್ಮ ಮನೆಮಾತಿನಲ್ಲಿ ಹೇಳುತ್ತಿರಿ. ‘ದೊಡ್ಡದರ ಮೇಲೆ ಚಿಕ್ಕದನ್ನು ಇಟ್ಟೆಯಲ್ಲ’, ‘ಇದು ಹಿಂದೆ ಬಿತ್ತು’ ಎಂಬ ಮಾತುಗಳು ಯಾವ ಹಾಡುವ ಆಟಿಕೆಯೂ ಕೊಡಲಾರದ ಪಾಠ. ಓರೆಯಾದ ಗೋಪುರವನ್ನು ನೀವು ನೇರ ಮಾಡಲು ಹೋಗಬೇಡಿ. ಮುಂದಿನ ಹುಟ್ಟುಹಬ್ಬಕ್ಕೆ ಏನು ತರಲಿ ಎಂದು ಅಜ್ಜಿ, ಸೋದರಮಾವ, ಚಿಕ್ಕಪ್ಪ ಕೇಳಿದಾಗ, ಮನೆಯಲ್ಲಿರುವ ಒಂದು ಬ್ಲಾಕಿನ ಉದ್ದ, ಅಗಲ, ದಪ್ಪವನ್ನು ಬರೆದುಕೊಟ್ಟು, ಅದೇ ಅಳತೆಯ ಹತ್ತು ತುಂಡುಗಳನ್ನೂ ಎರಡು ಉದ್ದನೆಯ ಹಲಗೆಗಳನ್ನೂ ತರಲು ಹೇಳಿ.