ಬಾಳೆಕಾಯಿ ಎಷ್ಟಾಯ್ತು?

ಡೊಮಿನಿಕನ್ ರಿಪಬ್ಲಿಕ್ಕಿನ ರಾಜಧಾನಿ ಸಾಂತೊ ದೊಮಿಂಗೊದ ಊಟದಂಗಡಿಯಲ್ಲಿ ಬೆಲೆಪಟ್ಟಿ ಹುಡುಕುವವನು ಹೊರಗಿನವನು ಎಂದು ಅಲ್ಲಿನವರಿಗೆ ತಕ್ಷಣ ಗೊತ್ತಾಗುತ್ತದೆ. ಡೊಮಿನಿಕನ್ನರು ಗಾಜಿನ ಹಿಂದಿನ ಬಿಸಿ ಪಾತ್ರೆಗಳನ್ನು ನೋಡುತ್ತಾರೆ. ಇವತ್ತು ಏನಿದೆ ಎಂದು ಕೇಳುತ್ತಾರೆ. ಬೆರಳು ತೋರಿಸುತ್ತಾರೆ. ದುಡ್ಡಿನ ಮಾತು ಕೊನೆಗೆ. ಎಷ್ಟಾಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತು, ಗೊತ್ತಿಲ್ಲದೆ ತಟ್ಟೆ ಹಿಡಿದು ಲೆಕ್ಕ ಹಾಕುವವರು ನನ್ನಂಥವರು ಮಾತ್ರ.

ಇಂಥ ಅಂಗಡಿಗೆ ಅಲ್ಲಿ ಕೊಮೆದೋರ್ ಎನ್ನುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಜನ ತುಂಬುತ್ತಾರೆ. ಎರಡು ಗಂಟೆಯ ಮೇಲೆ ಹೋದರೆ ಪಾತ್ರೆಯ ತಳ ನೋಡಿಕೊಂಡು ಬರಬೇಕು. ದಿನದ ಊಟದ ಹೆಸರು ಲಾ ಬಂದೇರಾ, ಅಂದರೆ ಬಾವುಟ. ಬಿಳಿ ಅನ್ನ, ಕೆಂಪು ಬೀನ್ಸಿನ ಸಾರು, ಒಂದು ತುಂಡು ಕೋಳಿ ಅಥವಾ ಬೇರೆ ಮಾಂಸ, ಪಕ್ಕಕ್ಕೆ ಒಂದಿಷ್ಟು ಎಲೆಕೋಸು, ಟೊಮೇಟೊ. ಅನ್ನ ಸಾರು ಕಂಡರೆ ಕನ್ನಡದವನಿಗೆ ಅರ್ಧ ಜೀವ ಬಂದಂತೆ, ಅಲ್ವಾ? ನಮ್ಮ ಕಡೆಯ ಸಸ್ಯಾಹಾರಿಗಳು ಬಂದಾಗ ಮಾತ್ರ ಸ್ವಲ್ಪ ಕಷ್ಟ. ಮಾಂಸ ಬೇಡ ಎಂದರೆ ತಟ್ಟೆಯ ಬೆಲೆ ಇಳಿಯುವುದಿಲ್ಲ, ಬಡಿಸುವವಳ ಅನುಕಂಪ ಏರುತ್ತದೆ.

ಈ ತಟ್ಟೆಗೆ ಈಚಿನ ವರ್ಷಗಳಲ್ಲಿ 200ರಿಂದ 300 ಪೇಸೊ. ಡಾಲರಿಗೆ ಸುಮಾರು 60 ಪೇಸೊ ಎಂದುಕೊಂಡರೆ ಮೂರರಿಂದ ಐದು ಡಾಲರ್. ಹೊರಗಿನವರ ರೋಗ ಶುರುವಾಗುವುದು ಇಲ್ಲೇ. ಪೇಸೊವನ್ನು ಡಾಲರಿಗೆ, ಡಾಲರನ್ನು ರೂಪಾಯಿಗೆ ತಿರುಗಿಸಿ, ಬೆಂಗಳೂರಿನ ದರ್ಶಿನಿಯ ಊಟದ ಪಕ್ಕ ಇಟ್ಟು ನೋಡುವುದು. ಅಷ್ಟರಲ್ಲಿ ಅನ್ನ ಆರಿರುತ್ತದೆ. ಇದರ ಜೊತೆಗೆ ಇನ್ನೊಂದು ಅನುಮಾನ: ಪಕ್ಕದವನಿಗೆ ಎಷ್ಟು ಹೇಳಿದರು, ನನಗೆ ಎಷ್ಟು ಹೇಳಿದರು?

ನಮ್ಮ ದಕ್ಷಿಣದ ಮೈಬಣ್ಣ ಅಲ್ಲಿ ಒಂದು ಅನುಕೂಲ. ಬಾಯಿ ಬಿಡುವವರೆಗೆ ನಾನೂ ಅವರವನೇ. ಬೀದಿಯಲ್ಲಿ ದಾರಿ ಕೇಳುವವರು, ಬಸ್ಸಿನಲ್ಲಿ ಪಕ್ಕ ಕೂತು ಸರ್ಕಾರ ಬೈಯುವವರು, ಎಲ್ಲರೂ ನನ್ನನ್ನು ಊರಿನವನೆಂದೇ ತಿಳಿಯುತ್ತಾರೆ. ಸ್ಪ್ಯಾನಿಷ್ ಬಾಯಿಂದ ಬಂದ ಕೂಡಲೇ ಬೆಲೆಗೂ ಜೀವ ಬರುತ್ತದೆ. ಪ್ರವಾಸಿಗಳಿಗೆ ಮರದ ಗೊಂಬೆ, ಬಣ್ಣದ ಚಿತ್ರ ಮಾರುವ ಮೆರ್ಕಾದೊ ಮೊದೆಲೊದಲ್ಲಿ ಇದು ಮಾಮೂಲು, ಅಲ್ಲಿ ಚೌಕಾಸಿ ಮಾಡದವನೇ ವಿಚಿತ್ರ ಪ್ರಾಣಿ. ಕೊಮೆದೋರಿನಲ್ಲಿ ಮಾತ್ರ ನಾನು ಎಷ್ಟೇ ಕಿವಿ ನೆಟ್ಟಗೆ ಮಾಡಿ ಕೂತರೂ ಎಲ್ಲರಿಗೂ ಒಂದೇ ಬೆಲೆ. ಸ್ವಲ್ಪ ನಿರಾಶೆಯೇ ಆಯಿತು ಅನ್ನಿ. ಮೋಸ ಹೋಗಲು ಅಷ್ಟು ತಯಾರಾಗಿ ಬಂದಿದ್ದೆ.

ಏರುವುದು ಇಳಿಯುವುದು ಎಲ್ಲರಿಗೂ ಒಟ್ಟಿಗೇ. ಅದಕ್ಕೊಂದು ದಿನವೂ ಇದೆ. ಪ್ರತಿ ಶುಕ್ರವಾರ ಸರ್ಕಾರ ಪೆಟ್ರೋಲ್, ಡೀಸೆಲ್, ಅಡುಗೆ ಗ್ಯಾಸಿನ ಮುಂದಿನ ವಾರದ ಬೆಲೆ ಹೇಳುತ್ತದೆ, ಶನಿವಾರದಿಂದ ಜಾರಿ. ಡೀಸೆಲ್ ಏರಿದರೆ ಹೊಲದಿಂದ ಪೇಟೆಗೆ ಬರುವ ಲಾರಿ ಬಾಡಿಗೆ ಏರುತ್ತದೆ, ಗ್ಯಾಸ್ ಏರಿದರೆ ಒಲೆ ಬೇಜಾರು ಮಾಡಿಕೊಳ್ಳುತ್ತದೆ. ಆದರೆ ಕೊಮೆದೋರ್ ನಡೆಸುವ ಹೆಂಗಸರು ಜಾಣರು. ಬೆಲೆಯನ್ನು ವಾರವಾರ ಮುಟ್ಟುವುದಿಲ್ಲ. ಕೋಳಿ ತುಂಡನ್ನು ಮುಟ್ಟುತ್ತಾರೆ. ತೊಡೆ ಇದ್ದ ಜಾಗಕ್ಕೆ ರೆಕ್ಕೆ ಬರುತ್ತದೆ, ಅನ್ನದ ಗುಡ್ಡ ಒಂದು ಸೌಟು ಜಾಸ್ತಿಯಾಗಿ ಅದನ್ನು ಮುಚ್ಚುತ್ತದೆ. ಬೆಣ್ಣೆಹಣ್ಣಿನ ಕಾಲದಲ್ಲಿ ಒಂದು ದೊಡ್ಡ ಹೋಳು ತಟ್ಟೆಯ ಅಂಚಿಗೆ ಬಂದು ಕೂರುತ್ತದೆ. ದೇಶದ ಹಣದುಬ್ಬರದ ಅಂಕಿ ಕೇಂದ್ರ ಬ್ಯಾಂಕಿನಿಂದ ಬರುವ ಮೊದಲೇ ತಟ್ಟೆಯಲ್ಲಿ ಬಂದಿರುತ್ತದೆ.

ಇವೆಲ್ಲದರ ಮೇಲೆ ಬಾಳೆಕಾಯಿ. ಬೆಳಿಗ್ಗೆ ಬೇಯಿಸಿ ಕಿವುಚಿ, ಹುಳಿ ಈರುಳ್ಳಿ ಹಾಕಿ, ಕರಿದ ಚೀಸು, ಸಲಾಮಿ, ಮೊಟ್ಟೆಯ ಜೊತೆ ತಿಂದರೆ ಅದು ಮಂಗೂ. ಚಪ್ಪಟೆ ಮಾಡಿ ಎರಡು ಸಲ ಕರಿದರೆ ತೊಸ್ತೋನೆಸ್. ಬಾಳೆಕಾಯಿ ಇಲ್ಲದೆ ಅವರಿಗೆ ಬೆಳಕು ಹರಿಯುವುದಿಲ್ಲ. ಆದರೆ ಬಾಳೆಗೆ ಗಾಳಿ ಆಗದು. 2022ರ ಸೆಪ್ಟೆಂಬರಿನಲ್ಲಿ ಫಿಯೋನಾ ಚಂಡಮಾರುತ ದೇಶದ ಪೂರ್ವ ಭಾಗಕ್ಕೆ ಬಡಿದಾಗ ತೋಟಗಳು ಸಾಲಾಗಿ ಮಲಗಿದವು. ಹೊಸ ಗಿಡ ಗೊನೆ ಬಿಡಲು ವರ್ಷದ ಹತ್ತಿರ ಬೇಕು. ಅಲ್ಲಿಯವರೆಗೆ ಬೆಲೆ ಕೇಳಬೇಕು, ಕೇಳಿ ಹಣೆ ಚಚ್ಚಿಕೊಳ್ಳಬೇಕು. 1998ರಲ್ಲಿ ದೆಹಲಿಯ ಚುನಾವಣೆಯಲ್ಲಿ ಈರುಳ್ಳಿ ಮಾಡಿದ ಕೆಲಸ ನೆನಪಿದ್ದವರಿಗೆ, ಅಲ್ಲಿ ಟಿವಿ ಸುದ್ದಿಯಲ್ಲಿ ಮಂತ್ರಿಗಳು ಬಾಳೆಕಾಯಿ ಬಗ್ಗೆ ಯಾಕೆ ಅಷ್ಟು ಗಂಭೀರವಾಗಿ ಮಾತಾಡುತ್ತಾರೆ ಅನ್ನುವುದು ಬಿಡಿಸಿ ಹೇಳಬೇಕಿಲ್ಲ. ಬೆಲೆ ಹಿಡಿದಿಡಲೆಂದೇ 1969ರಿಂದ ಇನೆಸ್ಪ್ರೆ ಎಂಬ ಸರ್ಕಾರಿ ಸಂಸ್ಥೆಯೂ ಇದೆ. ಅದರ ಸಂಚಾರಿ ಅಂಗಡಿ ಬೀದಿಗೆ ಬಂದ ದಿನ ಕ್ಯೂ ನೋಡಬೇಕು.

ವಯಸ್ಸಾದವರ ಜೊತೆ ಕೂತರೆ ಇದೆಲ್ಲ ಏನೂ ಅಲ್ಲ. ಅವರ ನೆನಪು 2003ಕ್ಕೆ ಹೋಗುತ್ತದೆ. ಆ ವರ್ಷ ಬಾನಿಂತೆರ್ ಎಂಬ ದೊಡ್ಡ ಬ್ಯಾಂಕ್ ಮುಳುಗಿತು. 2002ರ ಶುರುವಿನಲ್ಲಿ ಡಾಲರಿಗೆ 17ರ ಆಸುಪಾಸಿನಲ್ಲಿದ್ದ ಪೇಸೊ, 2004ರ ಆರಂಭದಲ್ಲಿ 50ರ ಹತ್ತಿರ ಹೋಯಿತು. ಆ ವರ್ಷ ಮುಗಿಯುವಷ್ಟರಲ್ಲಿ 30ರ ಸುತ್ತಮುತ್ತ ಬಂದು ನಿಂತಿತು. ಡಾಲರ್ ಇಳಿಯಿತು, ತಟ್ಟೆ ಇಳಿಯಲಿಲ್ಲ ಎಂದು ಹೇಳಿ ಅವರು ಜೋರಾಗಿ ನಗುತ್ತಾರೆ. ಅಂಥ ಕಾಲ ಕಂಡವರಿಗೆ ನನ್ನ ಚಿಲ್ಲರೆ ಅನುಮಾನ ಕಾಣುವುದಾದರೂ ಹೇಗೆ?

ನಿಜವಾಗಿ ಕೈ ಕಚ್ಚುವುದು ಮೇಜಿನ ಮೇಲೆ ಬಟ್ಟೆ ಹಾಸಿದ ಜಾಗಗಳಲ್ಲಿ. ಮೆನುವಿನಲ್ಲಿ 1,000 ಪೇಸೊ ಎಂದು ಬರೆದಿರುತ್ತದೆ. ಬಿಲ್ಲಿನಲ್ಲಿ 1,280. 18 ಪರ್ಸೆಂಟ್ ತೆರಿಗೆ, 10 ಪರ್ಸೆಂಟ್ ಕಾನೂನೇ ಕೊಡಿಸುವ ಟಿಪ್ಸ್. ಇಷ್ಟಾದ ಮೇಲೂ ಬಡಿಸಿದವನು ಹತ್ತಿರ ನಿಂತು ಮುಗುಳ್ನಗುತ್ತಾನೆ, ಆ ನಗುವಿಗೆ ಬೇರೆ ಕೊಡಬೇಕು. ಗುಂಪಿನಲ್ಲಿ ಹೋದರಂತೂ ಬಿಲ್ಲು ಮೇಜಿನ ಮೇಲೆ ಒಂದು ಸುತ್ತು ಹೊಡೆದು ವಿದೇಶಿಯ ಮುಂದೆ ಬಂದು ಸುಸ್ತಾಗಿ ಮಲಗುತ್ತದೆ. ಕರೆದವರು ಕೊಡಬೇಕೆಂಬ ಪದ್ಧತಿ ಇದೆ, ಆದರೆ ಕರೆದವರು ಯಾರು ಎಂಬುದು ಕೊನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಅದಕ್ಕೇ ನನಗೆ ಕೊಲ್ಮಾದೊ ಇಷ್ಟ. ಅದು ಮೂಲೆಯ ದಿನಸಿ ಅಂಗಡಿ, ಸಂಜೆಯಾದರೆ ಅದೇ ಬಾರು, ಅದೇ ಅರಳಿಕಟ್ಟೆ. ಮುಂದೆ ಪ್ಲಾಸ್ಟಿಕ್ ಕುರ್ಚಿ, ಒಳಗಿಂದ ಕಿವಿ ಕಿತ್ತುಹೋಗುವಷ್ಟು ಬಚಾತಾ ಹಾಡು. ಎಲ್ಲರೂ ಕೈಯಿಂದ ಹಾಕಿ ಒಂದು ದೊಡ್ಡ ಪ್ರೆಸಿದೆಂತೆ ಬಿಯರ್ ತರಿಸುತ್ತಾರೆ. ಸಣ್ಣ ಪ್ಲಾಸ್ಟಿಕ್ ಲೋಟಗಳಿಗೆ ಹಂಚುತ್ತಾರೆ. ಬಿಸಿಲಿಗೆ ಬಿಸಿಯಾಗುವ ಮೊದಲು ಮುಗಿಯಬೇಕಲ್ಲ. ಚಿಲ್ಲರೆ ಇಲ್ಲದಿದ್ದರೆ ಪೆಪ್ಪರ್‌ಮೆಂಟು ಕೊಡುತ್ತಾರೆ, ನಮ್ಮೂರಿನ ಶೆಟ್ಟರ ಅಂಗಡಿಯ ಹಾಗೇ. 'ಇವತ್ತು ಸಾಲ ಇಲ್ಲ, ನಾಳೆ ಇದೆ' ಎಂಬ ಬೋರ್ಡು ಕೂಡ ಇರುತ್ತದೆ. ಅದರ ಕೆಳಗೇ ಅಂಗಡಿಯವನು ಬೀದಿಯವರ ಸಾಲ ಬರೆದುಕೊಳ್ಳುತ್ತಾ ಕೂತಿರುತ್ತಾನೆ.

ಇಲ್ಲಿ ಕೂತೇ ನನಗೆ ಒಂದು ಸಂಗತಿ ಹೊಳೆದದ್ದು. ಬೆಲೆ ಕೇಳುವುದರಿಂದ ಊರಿನವರಾಗುವುದಿಲ್ಲ, ಬೆಲೆ ಬೈಯುವುದರಿಂದ ಆಗುತ್ತೇವೆ. ಬರೀ ನನಗೆ ಜಾಸ್ತಿ ಹೇಳಿದರು ಎಂದು ಗೊಣಗಿದರೆ ಯಾರೂ ಕಿವಿಗೊಡುವುದಿಲ್ಲ. ಬಾಳೆಕಾಯಿ ನೋಡಿದ್ರಾ, ಕೋಳಿ ನೋಡಿದ್ರಾ, ಮೊಟ್ಟೆ ಕೇಳಬೇಡಿ ಎಂದರೆ ಸಾಕು, ಯಾರೋ ಕುರ್ಚಿ ಎಳೆದು ಕೊಡುತ್ತಾರೆ, ಲೋಟ ತುಂಬುತ್ತದೆ. ನನ್ನ ಸ್ಪ್ಯಾನಿಷ್‌ನಲ್ಲಿ ತಪ್ಪಿಲ್ಲದೆ ಬರುವುದು ಈ ವಿಷಯ ಒಂದೇ.

ಆ ಧೈರ್ಯದಲ್ಲೇ ಒಂದು ಮಧ್ಯಾಹ್ನ ಕೊಮೆದೋರಿನಲ್ಲಿ ತಟ್ಟೆಯ ಬೆಲೆ 25 ಪೇಸೊ ಏರಿದಾಗ, ಸಾಲಿನಲ್ಲಿದ್ದ ಊರಿನವರಿಗಿಂತ ಮೊದಲು ನಾನೇ ಗಲಾಟೆ ಎತ್ತಿದೆ. ಇದೇನು ಅನ್ಯಾಯ, ಹೋದ ವಾರ ತಾನೇ ಹೀಗಿತ್ತು ಎಂದೆ. ಸಾಲೆಲ್ಲ ನಕ್ಕಿತು. ಬಡಿಸುವ ದೊಡ್ಡಮ್ಮ ಸೌಟು ಸೊಂಟಕ್ಕೆ ಊರಿ, 'ಹಂಗಿದ್ರೆ ನಿನ್ನ ದೇಶದಿಂದ ಕೋಳಿ ತಗೊಂಡು ಬಾರಪ್ಪ, ಬೇಯಿಸಿ ಹಾಕ್ತೀನಿ' ಎಂದಳು. ಆಮೇಲೆ ಪಾತ್ರೆ ಕೆರೆದು, ತಳ ಹಿಡಿದ ಗರಿಗರಿ ಅನ್ನದ ಒಂದು ದೊಡ್ಡ ಹಾಳೆ ತೆಗೆದು ನನ್ನ ತಟ್ಟೆಗೆ ಹಾಕಿದಳು. ಕೊಂಕೊನ್ ಎಂಬ ಆ ಹಾಳೆಗೆ ಅಲ್ಲಿ ಮನೆಮನೆಯಲ್ಲಿ ಜಗಳ ನಡೆಯುತ್ತದೆ. ಹಿಂದಿದ್ದವನು ತನಗೂ ಬೇಕೆಂದ, ಮುಗಿಯಿತು ಎಂದಳು. ಬೆಲೆಯಲ್ಲಿ ಒಂದು ಪೇಸೊ ಕೂಡ ಬಿಡಲಿಲ್ಲ.